ನೆಗಡಿ ಹಿಡಿದ ಧ್ವನಿ

"ಇನ್ನೊಂದ್ಸಲ ಹಾಕ್ತೀನಿ. ಕಣ್ಣು ಮುಚ್ಕೊಂಡು ಕೇಳಿ," ಎಂದರು ಇನ್ಸ್‌ಪೆಕ್ಟರಮ್ಮ.

ಸುದ್ದಿಯಕ್ಕ ಕಣ್ಣು ಮುಚ್ಚಿದಳು. ಗ್ರಾಮ ಕಚೇರಿಯ ಮೇಜಿನ ಮೇಲಿದ್ದ ಫೋನಿನಿಂದ ಅವಳದೇ ಧ್ವನಿ ಹೊರಟಿತು.

"ಊರಿನ ಸಮಸ್ತರಿಗೆ ನಮಸ್ಕಾರ. ಇವತ್ತು ನಲ್ಲೀಲಿ ನೀರು ಬರೋದಿಲ್ಲ. ಕೆಳಗಿನ ಮೈದಾನಕ್ಕೆ ಟ್ಯಾಂಕರ್ ಬರುತ್ತೆ. ಎಲ್ಲರೂ ಕೊಡ, ಬಿಂದಿಗೆ ತಗೊಂಡು ಅಲ್ಲಿಗೇ ಬನ್ನಿ..."

ಅಷ್ಟೇ. ಕತ್ತರಿಸಿದ ಹಾಗೆ ನಿಂತುಹೋಯಿತು.

ನಿನ್ನೆ ಬೆಳಿಗ್ಗೆ ಗ್ರಾಮ ಕಚೇರಿಯ ಮಾಳಿಗೆಯ ಮೇಲಿನ ಧ್ವನಿವರ್ಧಕದಿಂದ ಊರಿಗೆಲ್ಲ ಕೇಳಿಸಿದ್ದು ಇದೇ ಮಾತು. ಊರಿಗೆ ಊರೇ ಕೊಡ ಹೊತ್ತು ಮೈದಾನಕ್ಕೆ ಹೋಯಿತು. ಟ್ಯಾಂಕರ್ ಬರಲಿಲ್ಲ. ಕಾದು ಕಾದು ಬೈದುಕೊಂಡು ವಾಪಸ್ಸು ಬಂದವರಿಗೆ ಕಂಡದ್ದು, ನೀರಿನ ಟ್ಯಾಂಕಿನ ಬುಡದಲ್ಲಿ ತಲೆ ಒಡೆದು ಬಿದ್ದಿದ್ದ ನೀರುಗಂಟಿ. ನಲ್ಲಿಗೆ ನೀರು ಬಿಡುವುದು, ನಿಲ್ಲಿಸುವುದು, ಪಂಪು ನೋಡಿಕೊಳ್ಳುವುದು ಎಲ್ಲ ಅವನದೇ ಕೆಲಸ. ಆಸ್ಪತ್ರೆಗೆ ಸೇರಿಸಿದ್ದರು. ಇನ್ನೂ ಎಚ್ಚರವಾಗಿರಲಿಲ್ಲ.

ಸುದ್ದಿಯಕ್ಕ ಮಾತ್ರ ನಿನ್ನೆ ಬೆಳಿಗ್ಗೆ ಕಚೇರಿಯ ಮೆಟ್ಟಿಲನ್ನೂ ತುಳಿದಿರಲಿಲ್ಲ. ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಹೊರಗಿನಿಂದ ತನ್ನ ಧ್ವನಿ ತನಗೇ ಕೇಳಿಸಿದಾಗ ಕೈಯಲ್ಲಿದ್ದ ಲೋಟ ಜಾರಿತ್ತು. ಅದಕ್ಕೆ ಸಾಕ್ಷಿ ಗಂಡ ಮತ್ತು ಅತ್ತೆ. ಮನೆಯವರ ಸಾಕ್ಷಿಗೆ ಯಾರು ಬೆಲೆ ಕೊಡುತ್ತಾರೆ?

"ಇದು ಸಿಕ್ಕಿದ್ದು ನಿಮ್ಮ ಕಿರಾಣಿ ಅಂಗಡಿಯವನ ಪುಣ್ಯ," ಎಂದರು ಇನ್ಸ್‌ಪೆಕ್ಟರಮ್ಮ. "ಅವನ ತಾಯಿಗೆ ಕಿವಿ ಮಂದವಂತೆ. ನೀವು ಮೈಕಲ್ಲಿ ಹೇಳಿದ್ದನ್ನೆಲ್ಲ ಫೋನಲ್ಲಿ ಹಿಡಿದು ಅವರ ಕಿವಿ ಹತ್ರ ಹಾಕ್ತಾನಂತೆ. ಹೇಳಿ, ಇದು ನಿಮ್ಮ ಧ್ವನಿ ಹೌದೋ ಅಲ್ವೋ?"

"ಹೌದು ಮೇಡಂ. ಆದ್ರೆ ನಾನು ಹೇಳಿದ್ದಲ್ಲ."

"ಎಂಥ ಮಾತು!" ಎದುರು ಕುರ್ಚಿಯಲ್ಲಿದ್ದ ಕಚೇರಿಯ ಕಾರ್ಯದರ್ಶಿ ನಕ್ಕರು. ದಪ್ಪ ಮೀಸೆ, ಇಸ್ತ್ರಿ ಮಾಡಿದ ಅಂಗಿ, ಮಾತಿಗೆ ಮುಂಚೆ ನಗು. "ಬಾಯಿ ನಿಮ್ಮದು, ಮಾತು ಮಾತ್ರ ಊರವರದ್ದಾ? ಮೇಡಂ, ಈಯಮ್ಮ ಒಳ್ಳೆಯವರು, ಇಲ್ಲ ಅನ್ನೋಲ್ಲ. ಆದ್ರೆ ನೀರುಗಂಟಿ ಜೊತೆ ಏನೋ ಜಗಳ ಇದ್ದಿರಬಹುದು. ನಮಗೇನು ಗೊತ್ತು?"

ಲಸಿಕೆ ಹಾಕುವ ದಿನ, ಕಂದಾಯ ಕಟ್ಟಲು ಕಡೆಯ ದಿನ, ಕಳೆದುಹೋದ ಹಸು, ಸಿಕ್ಕಿದ ಚಪ್ಪಲಿ, ಕರೆಂಟು ಹೋಗುವ ಹೊತ್ತು, ಗ್ರಾಮ ಸಭೆಯ ತೀರ್ಮಾನ, ಹೀಗೆ ಊರಿಗೆ ತಿಳಿಯಬೇಕಾದ್ದನ್ನೆಲ್ಲ ತಿಳಿಸಿದ್ದು ಸುದ್ದಿಯಕ್ಕನ ಧ್ವನಿಯೇ. ಒಂದು ದಿನವೂ ಒಂದಕ್ಕೆ ಎರಡು ಸೇರಿಸಿ ಹೇಳಿದವಳಲ್ಲ. ಅದಕ್ಕೇ ಊರು ಅವಳಿಗೆ ಆ ಹೆಸರಿಟ್ಟದ್ದು. ಈಗ ಅದೇ ಊರು ಅವಳನ್ನು ಕಂಡರೆ ಮಾತು ನಿಲ್ಲಿಸಿ ಮುಖ ತಿರುಗಿಸುತ್ತಿತ್ತು.

"ಸಂಜೆಯೊಳಗೆ ನಾನು ಯಾರನ್ನಾದ್ರೂ ಕರ್ಕೊಂಡು ಹೋಗ್ಲೇಬೇಕು," ಇನ್ಸ್‌ಪೆಕ್ಟರಮ್ಮ ಫೋನನ್ನು ಬೆರಳಿನಿಂದ ತಿರುಗಿಸುತ್ತ ಹೇಳಿದರು. "ಬಿದ್ದ ಗಾಯ ಬೇರೆ, ತಲೆ ಹಿಂದಿನ ಗಾಯ ಬೇರೆ ಅಂತಾರೆ ಡಾಕ್ಟ್ರು. ಯಾರೋ ಹೊಡೆದು ತಳ್ಳಿದ್ದಾರೆ. ಅವನ ಫೋನೂ ನಾಪತ್ತೆ. ಸದ್ಯಕ್ಕೆ ನನ್ನ ಕೈಲಿರೋದು ನಿಮ್ಮ ಧ್ವನಿ ಒಂದೇ."

"ನಾವಂತೂ ನಮ್ಮ ಕೆಲಸ ಮಾಡಿದ್ದೀವಿ," ಎಂದರು ಕಾರ್ಯದರ್ಶಿ.

ಅವರು ಮಾಡಿದ ಕೆಲಸ ಊರಿಗೆಲ್ಲ ಕೇಳಿಸಿತ್ತು. ಬೆಳಿಗ್ಗೆ ಅವರೇ ಮೈಕು ಹಿಡಿದು, ನಿನ್ನೆಯದು ಸುಳ್ಳು ಪ್ರಕಟಣೆ, ಇನ್ನು ಮುಂದೆ ಹೆಂಗಸಿನ ಧ್ವನಿಯಲ್ಲಿ ಏನೇ ಕೇಳಿಬಂದರೂ ಯಾರೂ ನಂಬಬಾರದು, ಇವತ್ತು ಎಂದಿನಂತೆ ನಲ್ಲಿಗೆ ನೀರು ಬಿಡಲಾಗುವುದು ಎಂದು ಗಂಭೀರವಾಗಿ ಸಾರಿದ್ದರು.

ಸುದ್ದಿಯಕ್ಕನಿಗೂ ಅದೇ ಸರಿ ಎನಿಸಿತ್ತು. ತನ್ನ ಧ್ವನಿ ಕದ್ದವನು ನಾಳೆ ಇನ್ನೇನು ಹೇಳಿಸುತ್ತಾನೋ! ಮನೆ ಬಿಡುವ ಮುಂಚೆ ಅತ್ತೆಯ ಎರಡೂ ಕೈ ಹಿಡಿದು ಹೇಳಿ ಬಂದಿದ್ದಳು: "ಅತ್ತೆ, ಮೈಕಲ್ಲಿ ನನ್ನ ಧ್ವನಿ ಕೇಳಿದ್ರೆ ನಂಬ್ಬೇಡಿ. ಎಷ್ಟೇ ಗೋಗರೆದ್ರೂ ನಂಬ್ಬೇಡಿ. ನಾನು ಎದುರಿಗೆ ನಿಂತು ಹೇಳಿದ್ರೆ ಮಾತ್ರ ನಾನು."

"ಆಯ್ತು ಬಿಡೇ, ನಾನೇನು ಮಗುವಾ?" ಎಂದಿದ್ದಳು ಅತ್ತೆ. ಮದುವೆಯಾಗಿ ಬಂದಾಗಿನಿಂದ ಸೊಸೆ ಪೂರ್ವ ಅಂದರೆ ಪಶ್ಚಿಮಕ್ಕೆ ಹೊರಡುವ ಹೆಂಗಸು ಅವಳು. ಕೇಳಿಸಿಕೊಂಡಳೋ ಇಲ್ಲವೋ ಎನ್ನುವುದೇ ಅನುಮಾನ.

"ಮೇಡಂ, ಇನ್ನೊಂದ್ಸಲ ಹಾಕ್ತೀರಾ?" ಸುದ್ದಿಯಕ್ಕ ಕೇಳಿದಳು.

ಕಾರ್ಯದರ್ಶಿ ಗಡಿಯಾರ ನೋಡಿದರು. ಇನ್ಸ್‌ಪೆಕ್ಟರಮ್ಮ ಅವರನ್ನು ನೋಡಿ, ಆಮೇಲೆ ಫೋನು ಒತ್ತಿದರು.

ಈ ಸಲ ಸುದ್ದಿಯಕ್ಕ ಮಾತನ್ನು ಬಿಟ್ಟು ಧ್ವನಿಯನ್ನು ಕೇಳಿದಳು. "ನಮಸ್ಕಾರ" ಅನ್ನುವಾಗ ಮೂಗು ಕಟ್ಟಿತ್ತು. "ಮೈದಾನ" ಅನ್ನುವಾಗ ಗಂಟಲು ಒಡೆದಿತ್ತು.

"ಇದು ನೆಗಡಿ ಹಿಡಿದ ಧ್ವನಿ," ಎಂದಳು. "ನನಗೀಗ ನೆಗಡಿ ಎಲ್ಲಿದೆ ಮೇಡಂ? ನೀವೇ ಕೇಳ್ತಿದ್ದೀರಲ್ಲ."

ಇನ್ಸ್‌ಪೆಕ್ಟರಮ್ಮನ ಬೆರಳು ನಿಂತಿತು. "ನಿನ್ನೆ ನಿಮ್ಮನ್ನ ಮೊದಲು ಮಾತಾಡಿಸಿದಾಗಲೂ ನೆಗಡಿ ಇರ್ಲಿಲ್ಲ. ಹೌದು. ಮುಂದೆ?"

"ಹಿಂದೆ ಇನ್ನೊಂದು ಸದ್ದಿದೆ. ಟಕಟಕಟಕ ಅಂತ. ಅದು ನಮ್ಮ ಮನೆಯವರ ಹೊಲಿಗೆ ಮಿಷನ್. ಕಚೇರೀಲಿ ಮಾತಾಡಿದ್ರೆ ಆ ಸದ್ದು ಎಲ್ಲಿಂದ ಬರ್ಬೇಕು? ಇದನ್ನ ನಾನು ಮನೇಲಿ ಕೂತು ಹೇಳಿದ್ದೀನಿ. ಯಾವಾಗ್ಲೋ."

"ಯಾವಾಗ?"

ನೆನಪು ತಟಕ್ಕನೆ ಬಂತು. ಕಳೆದ ಬೇಸಿಗೆ. ಪಂಪು ಕೆಟ್ಟು ನಿಜವಾಗಿಯೂ ಟ್ಯಾಂಕರ್ ತರಿಸಿದ್ದ ದಿನ. ಜ್ವರ, ನೆಗಡಿ, ಮೇಲೇಳಲು ಆಗುತ್ತಿರಲಿಲ್ಲ. ಮಂಚದ ಮೇಲಿಂದಲೇ ಫೋನಿಗೆ ಹೇಳಿ ಕಳಿಸಿದ್ದಳು. ಅದು ಹೋಗಿ ಸೇರಿದ ಫೋನನ್ನು ಮೈಕಿನ ಮುಂದೆ ಹಿಡಿದು ಊರಿಗೆ ಕೇಳಿಸಿದ್ದರು.

ಹೇಳಿದಳು. ಕಾರ್ಯದರ್ಶಿಯ ನಗು ಸ್ವಲ್ಪ ತೆಳ್ಳಗಾಯಿತು.

"ಯಾರಿಗೆ ಕಳಿಸಿದ್ರಿ?" ಇನ್ಸ್‌ಪೆಕ್ಟರಮ್ಮ ಮುಂದಕ್ಕೆ ಬಾಗಿದರು.

ಸುದ್ದಿಯಕ್ಕ ಬಾಯಿ ತೆರೆದಳು. ಕಾರ್ಯದರ್ಶಿಗೆ ಎಂದು ಹೇಳುವವಳಿದ್ದಳು. ಪ್ರಕಟಣೆಗಳೆಲ್ಲ ಅವರ ಕೈ ದಾಟಿಯೇ ಹೋಗುವುದಲ್ಲವೇ? ಅಷ್ಟರಲ್ಲಿ, ಆ ಧ್ವನಿಯ ಕೊನೆಯಲ್ಲಿ ಕತ್ತರಿಸಿಹೋಗಿದ್ದ ತುಣುಕು ಯಾವುದೆಂದು ಹೊಳೆಯಿತು. ಟ್ಯಾಂಕರಿನ ಮಾತು ಮುಗಿಸಿ, ಕೆಮ್ಮಿ, ಅವಳು ಒಂದು ಪ್ರಶ್ನೆ ಕೇಳಿದ್ದಳು.

"ಇಷ್ಟು ಸಾಕಾ ಅಣ್ಣಾ?"

ಅವಳು ಈ ಕಚೇರಿಯಲ್ಲಿ ಅಣ್ಣ ಎಂದು ಕರೆಯುತ್ತಿದ್ದದ್ದು ಒಬ್ಬನನ್ನೇ.

ಹೇಳಿದರೆ ತಾನು ಉಳಿಯುತ್ತೇನೆ. ಆದರೆ ಆಸ್ಪತ್ರೆಯ ಮಂಚದ ಮೇಲೆ ಬಾಯಿ ಬಾರದೆ ಮಲಗಿದ ಮನುಷ್ಯ ಊರಿಗೆಲ್ಲ ಮೋಸಗಾರನಾಗುತ್ತಾನೆ. ಅವನ ಹೆಂಡತಿ ನಿನ್ನೆಯಿಂದ ಆ ಮಂಚದ ಕಾಲು ಹಿಡಿದು ಕೂತಿದ್ದಾಳೆ. ಹೇಳದಿದ್ದರೆ, ಸಂಜೆ ತಾನು ಪೊಲೀಸು ಜೀಪು ಹತ್ತಬೇಕು.

"ಯಾರಿಗಮ್ಮ?"

"ನೀರುಗಂಟಿಗೆ," ಎಂದಳು ಸುದ್ದಿಯಕ್ಕ. "ಅವನೊಬ್ಬನಿಗೇ."

ಕಾರ್ಯದರ್ಶಿ ಮೇಜು ಗುದ್ದಿದರು. "ನೋಡಿದ್ರಾ ಮೇಡಂ! ಕಳ್ಳ ಅವನೇ. ಊರನ್ನೆಲ್ಲ ಮೈದಾನಕ್ಕೆ ಅಟ್ಟಿ, ಖಾಲಿ ಮನೆಗಳಿಗೆ ನುಗ್ಗೋ ಯೋಚನೆ."

"ಖಾಲಿ ಮನೆಗೆ ನುಗ್ಗೋನು ಟ್ಯಾಂಕ್ ಯಾಕೆ ಹತ್ತಿದ?" ಎಂದು ಕೇಳಿದರು ಇನ್ಸ್‌ಪೆಕ್ಟರಮ್ಮ, ತಮ್ಮನ್ನೇ ಕೇಳಿಕೊಳ್ಳುವಂತೆ. "ಹತ್ತೋ ಮುಂಚೆ ದೊಡ್ಡ ವಾಲ್ವನ್ನ ಯಾಕೆ ಬಿಗಿಯಾಗಿ ಮುಚ್ಚಿದ?"

"ಮುಚ್ಚಿದ್ನಾ?" ಸುದ್ದಿಯಕ್ಕ ಕೇಳಿದಳು.

"ಅದಕ್ಕೇ ನಿನ್ನೆ ದಿನವೆಲ್ಲ ಒಂದು ಹನಿ ಬರ್ಲಿಲ್ಲ. ಇವತ್ತು ಸಾಹೇಬ್ರು ಬೇರೆಯವನನ್ನ ಕಳಿಸಿ ಬಿಡಿಸ್ತಿದ್ದಾರೆ. ಅಲ್ವೇ?"

"ಜನ ಬಾಯಿಗೆ ಬಂದ ಹಾಗೆ ಬೈತಿದ್ದಾರೆ ಮೇಡಂ, ಬಿಡದೆ ಏನು ಮಾಡೋದು? ಬಿಸಿಲು ಬೇರೆ ಜಾಸ್ತಿ. ತಗೊಳ್ಳಿ, ನೀರು ಕುಡೀರಿ." ಕಾರ್ಯದರ್ಶಿ ಮೇಜಿನ ಕೆಳಗೆ ಕೈ ಹಾಕಿ ನೀರಿನ ಬಾಟಲಿ ತೆಗೆದು ಇನ್ಸ್‌ಪೆಕ್ಟರಮ್ಮನ ಮುಂದಿಟ್ಟರು. ಅಂಗಡಿಯದು. ಮುಚ್ಚಳದ ಮುದ್ರೆ ಒಡೆದಿರಲಿಲ್ಲ.

ಸುದ್ದಿಯಕ್ಕ ಆ ಬಾಟಲಿಯನ್ನೇ ನೋಡಿದಳು.

ಈ ಕೋಣೆಯ ಮೂಲೆಯಲ್ಲಿ ಒಂದು ಮಣ್ಣಿನ ಹೂಜಿ ಇತ್ತು. ದಿನಾ ಬೆಳಿಗ್ಗೆ ಅದನ್ನು ತೊಳೆದು ನಲ್ಲಿ ನೀರು ತುಂಬಿಸುತ್ತಿದ್ದವನು ನೀರುಗಂಟಿ. ಯಾರೇ ಬರಲಿ, ಕಾರ್ಯದರ್ಶಿ ಆ ಹೂಜಿಯಿಂದಲೇ ಲೋಟಕ್ಕೆ ಬಗ್ಗಿಸಿ, "ನಮ್ಮೂರ ನೀರು, ಕಲ್ಲುಸಕ್ಕರೆ!" ಎಂದು ಮೀಸೆ ತಿರುವುವವರು. ಊರನ್ನು ಉತ್ತಮ ಗ್ರಾಮದ ಪ್ರಶಸ್ತಿಗೆ ಕಳಿಸಿದ ಮೇಲಂತೂ ಆ ಮಾತು ಕೇಳಿ ಕೇಳಿ ಗೋಡೆಗೂ ಬಾಯಿಪಾಠವಾಗಿತ್ತು.

ಅವಳು ಮೂಲೆಗೆ ಹೋದಳು. ಹೂಜಿ ಬೋರಲು ಬಿದ್ದಿತ್ತು. ಬೆರಳು ಹಾಕಿ ನೋಡಿದಳು. ಒಳಗೆ ಒಣಗಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಮಣ್ಣಿನ ಹೂಜಿ ಒಂದು ದಿನಕ್ಕೆ ಇಷ್ಟು ಒಣಗುವುದಿಲ್ಲ ಎಂಬುದು ಯಾವ ಮನೆಯವರಿಗೂ ಗೊತ್ತು. ಅಂದರೆ ನೀರುಗಂಟಿ ಬೀಳುವುದಕ್ಕೆ ಮೊದಲೇ ಇದನ್ನು ಯಾರೋ ಖಾಲಿ ಮಾಡಿದ್ದಾರೆ.

"ಸಾರ್," ಎಂದಳು, "ಹೂಜಿ ಯಾಕೆ ಬೋರಲು ಹಾಕಿದ್ದೀರಿ?"

"ಅದಾ? ಅದು... ಸೋರ್ತಿತ್ತು."

"ಸೋರಿದ ಗುರುತೇ ಇಲ್ವಲ್ಲ ಸಾರ್ ನೆಲದ ಮೇಲೆ."

"ಏನಮ್ಮ, ನನ್ನನ್ನೇ ವಿಚಾರಣೆ ಮಾಡ್ತೀಯಾ?" ಕಾರ್ಯದರ್ಶಿಯ ಧ್ವನಿ ಏರಿತು. ಇಷ್ಟು ಹೊತ್ತು ಇದ್ದ "ನೀವು" ಎಲ್ಲಿ ಹೋಯಿತೋ. "ನಿನ್ನ ಕೆಲಸ ಉಳಿಯುತ್ತೋ ಇಲ್ವೋ ಅದು ನೋಡ್ಕೋ ಮೊದಲು."

ಹೊರಗೆ, ಕಿಟಕಿಯ ಕೆಳಗೆ, ಬೀದಿ ನಲ್ಲಿ ಗೊರ್ರೆಂದಿತು. ನೀರು ಬರುವ ಮುಂಚೆ ಕೊಳವೆಯೊಳಗಿನ ಗಾಳಿ ಹೊರಡುವ ಸದ್ದು. ಅದರ ಹಿಂದೆಯೇ ಕೊಡಗಳ ಗಲಾಟೆ, "ನಂದು ಮೊದ್ಲು", "ನಿಂದ್ಯಾಕೆ ಮೊದ್ಲು" ಎಂಬ ಕೂಗಾಟ.

ಇನ್ಸ್‌ಪೆಕ್ಟರಮ್ಮ ಮೇಜಿನ ಮೇಲಿದ್ದ ಲೋಟ ಎತ್ತಿಕೊಂಡು ಹೊರಗೆ ಹೋದರು. ಸ್ವಲ್ಪ ಹೊತ್ತಿನಲ್ಲೇ ಅರ್ಧ ಲೋಟ ನೀರು ಹಿಡಿದು ಬಂದರು. ನೋಡಲು ತಿಳಿಯಾಗಿಯೇ ಇತ್ತು. ಅದನ್ನು ಕಾರ್ಯದರ್ಶಿಯ ಮುಂದಿಟ್ಟರು.

"ಕುಡೀರಿ."

"ನನಗೆ ಬಾಯಾರಿಕೆ ಇಲ್ಲ ಮೇಡಂ."

"ಒಂದು ಗುಟುಕು. ನಿಮ್ಮೂರ ಕಲ್ಲುಸಕ್ಕರೆ ನೀರು."

ಕಾರ್ಯದರ್ಶಿ ಲೋಟ ಹಿಡಿದರು. ಎತ್ತಿದರು. ತುಟಿಗೆ ತಾಗುವ ಮುಂಚೆ ಲೋಟ ವಾಲಿ ನೀರು ಇಸ್ತ್ರಿ ಅಂಗಿಯ ಮೇಲೆ ಚೆಲ್ಲಿತು. ಸುಟ್ಟುಕೊಂಡವರಂತೆ ಕುರ್ಚಿಯಿಂದ ಎದ್ದು ಅಂಗಿಯನ್ನು ಮೈಯಿಂದ ಎಳೆದು ಹಿಡಿದುಕೊಂಡರು.

ಸುದ್ದಿಯಕ್ಕನಿಗೆ ಆಗ ಭಯವಾಯಿತು. ಇಲ್ಲಿಯತನಕ ಆದದ್ದು ತನ್ನ ಬಗೆಗಿನ ಭಯ. ಇದು ಬೇರೆ.

"ಏನಿದೆ ನೀರಲ್ಲಿ?" ಇನ್ಸ್‌ಪೆಕ್ಟರಮ್ಮ ಕೇಳಿದರು.

"ನನಗೆ ಗೊತ್ತಿಲ್ಲ! ದೇವರಾಣೆ ಗೊತ್ತಿಲ್ಲ!" ಮೀಸೆಯ ಮನುಷ್ಯ ಕುಸಿದು ಕೂತರು. "ಮೊನ್ನೆ ಅವನು ಬಂದು, ಟ್ಯಾಂಕಿನ ಮುಚ್ಚಳ ಯಾರೋ ತೆಗೆದಿದ್ದಾರೆ, ಒಳಗಿಂದ ಹೊಲಕ್ಕೆ ಹೊಡೆಯೋ ಔಷಧಿ ಥರ ವಾಸನೆ ಬರ್ತಿದೆ, ನೀರು ನಿಲ್ಲಿಸ್ಬೇಕು, ಮೈಕಲ್ಲಿ ಹೇಳಿಸಿ ಅಂದ. ಪ್ರಶಸ್ತಿಯವರು ಬರೋ ಹೊತ್ತು ಮೇಡಂ. ಇವನಿಗೆ ಮೂಗಿನ ಭ್ರಮೆ ಅಂದ್ಕೊಂಡೆ. ಬಾಯಿ ಬಿಟ್ರೆ ಕೆಲಸ ಹೋಗುತ್ತೆ, ಸುದ್ದಿಯಕ್ಕನಿಗೆ ಹೇಳಿದ್ರೆ ಅವಳದ್ದೂ ಹೋಗುತ್ತೆ ಅಂತ ಹೆದರಿಸಿದೆ. ಅಷ್ಟೇ ನಾನು ಮಾಡಿದ್ದು. ತಳ್ಳಿದ್ದು ನಾನಲ್ಲ."

"ಭ್ರಮೆ ಅಂದ್ಕೊಂಡವರು ಹೂಜಿ ಯಾಕೆ ಚೆಲ್ಲಿದ್ರಿ?" ಎಂದರು ಇನ್ಸ್‌ಪೆಕ್ಟರಮ್ಮ.

ಸುದ್ದಿಯಕ್ಕನ ಕಣ್ಣು ತುಂಬಿತು. ಮೈಕು ಕಂಡರೆ ನಾಲಿಗೆ ಹೊರಳದ ಮನುಷ್ಯ ನೀರುಗಂಟಿ. ತಾನು ಹೇಳಿದರೆ ಯಾರೂ ಕೇಳರು, ಅಕ್ಕ ಹೇಳಿದರೆ ಊರು ಕೇಳುತ್ತದೆ ಎಂದು ಅವನಿಗೆ ಗೊತ್ತಿತ್ತು. ಅವಳನ್ನು ಕೇಳಿದರೆ ಅವಳ ಕೆಲಸಕ್ಕೆ ಕುತ್ತು. ಅದಕ್ಕೇ ಹಳೆಯ ಧ್ವನಿಯನ್ನು ಹುಡುಕಿ ತೆಗೆದು, ಕೊನೆಯ ಪ್ರಶ್ನೆ ಬರುವುದರೊಳಗೆ ನಿಲ್ಲಿಸಿ, ಊರನ್ನು ನಲ್ಲಿಯಿಂದ ದೂರ ಓಡಿಸಿದ್ದ. ಆಮೇಲೆ ವಾಲ್ವು ಮುಚ್ಚಿ, ಟ್ಯಾಂಕು ಹತ್ತಿ ನೋಡಲು ಹೋಗಿದ್ದ. ಅಂಥವನನ್ನು ಈ ಕಾರ್ಯದರ್ಶಿ ಈಗಷ್ಟೇ ಕಳ್ಳ ಎಂದಿದ್ದರು.

"ವಾಲ್ವ್ ಕೋಣೆ ಬೀಗದ ಕೈ ಎಲ್ಲಿ?" ಇನ್ಸ್‌ಪೆಕ್ಟರಮ್ಮ ಆಗಲೇ ಬಾಗಿಲಲ್ಲಿದ್ದರು.

"ನನ್ನ... ನನ್ನ ಜೇಬಲ್ಲೇ ಒಂದಿದೆ."

"ನಡೀರಿ ಜೀಪಿಗೆ! ದಾರಿ ತೋರಿಸಿ. ರೀ ಅಕ್ಕಾ, ನೀವು ಮೈಕಲ್ಲಿ ಹೇಳಿ. ಯಾರೂ ಆ ನೀರು ಮುಟ್ಟಬಾರದು. ಬೇಗ!"

ಟ್ಯಾಂಕಿದ್ದದ್ದು ಊರಿನ ಆಚೆ ತುದಿಯಲ್ಲಿ. ಜೀಪು ಧೂಳೆಬ್ಬಿಸಿ ಹೊರಟಿತು. ಸುದ್ದಿಯಕ್ಕ ಸೀರೆ ಎತ್ತಿ ಕಟ್ಟಿ ಮೆಟ್ಟಿಲು ಹಾರಿ ಮಾಳಿಗೆಯ ಮೈಕಿನ ಕೋಣೆಗೆ ನುಗ್ಗಿದಳು. ಗುಂಡಿ ಒತ್ತಿದಳು. ಅಭ್ಯಾಸದಂತೆ ಉಗುರಿನಿಂದ ಮೈಕು ಬಡಿದಳು.

"ಊರಿನ ಸಮಸ್ತರಿಗೆ ನಮಸ್ಕಾರ. ಯಾರೂ ನಲ್ಲಿ ನೀರು ಕುಡೀಬೇಡಿ. ಹಿಡಿದಿದ್ರೆ ಚೆಲ್ಲಿಬಿಡಿ. ನೀರಲ್ಲಿ ಏನೋ ಸೇರಿದೆ. ಯಾರೂ ಕುಡೀಬೇಡಿ!"

ತನ್ನ ಧ್ವನಿ ಊರ ಮೇಲೆಲ್ಲ ಹಾದುಹೋಗುವುದು ಕೇಳಿಸಿತು. ಸರಳಿನ ಕಿಟಕಿಯಿಂದ ಕೆಳಗೆ ಇಣುಕಿದಳು.

ನಲ್ಲಿಯ ಮುಂದಿನ ಸಾಲಿನಲ್ಲಿದ್ದವರೆಲ್ಲ ತಲೆ ಎತ್ತಿ ಧ್ವನಿವರ್ಧಕವನ್ನು ನೋಡಿದರು. ಯಾರೋ ನಕ್ಕರು. "ಶುರುವಾಯ್ತು ನೋಡು ಇವತ್ತೂ!" ಎಂದಿತು ಒಂದು ಗಂಡುಧ್ವನಿ. "ಇವತ್ತು ಯಾವ ಮೈದಾನಕ್ಕಂತೆ?"

ಒಂದು ಕೊಡವೂ ಅಲುಗಲಿಲ್ಲ.

ಹೆಂಗಸಿನ ಧ್ವನಿ ನಂಬಬೇಡಿ ಎಂದು ಬೆಳಿಗ್ಗೆ ಸಾರಿದ್ದ ಕಾರ್ಯದರ್ಶಿಯೇ ಈ ಮೈಕಿನ ಮುಂದೆ ಇರಬೇಕಿತ್ತು. ಅವಸರದಲ್ಲಿ ಇನ್ಸ್‌ಪೆಕ್ಟರಮ್ಮನಿಗೂ ಹೊಳೆಯಲಿಲ್ಲ, ತನಗೂ ಹೊಳೆಯಲಿಲ್ಲ. ಜೀಪಿನ ಧೂಳು ಕೂಡ ಈಗ ಕಾಣುತ್ತಿರಲಿಲ್ಲ.

"ದಮ್ಮಯ್ಯ ಅಂತೀನಿ, ನಂಬಿ! ಇದು ನಾನೇ!"

ಆಗ ಸಾಲಿನ ಮುಂದುಗಡೆ, ಸೊಂಟಕ್ಕೆ ಕೈ ಕೊಟ್ಟು ಒಬ್ಬ ಮುದುಕಿ ಇತ್ತ ತಿರುಗಿದಳು. ಕಂಕುಳಲ್ಲಿ ಬಿಂದಿಗೆ, ಕೈಯಲ್ಲಿ ಮನೆಯ ಹಿತ್ತಾಳೆ ಚೊಂಬು. ಅತ್ತೆ.

"ಯಾರೂ ಕೇಳ್ಬೇಡ್ರೋ!" ಅತ್ತೆ ಬೀದಿಗೆಲ್ಲ ಕೇಳಿಸುವಂತೆ ಕೂಗಿದಳು. "ಅದು ನನ್ನ ಸೊಸೆ ಅಲ್ಲ! ಅವಳೇ ನನ್ನ ಕೈ ಹಿಡಿದು ಹೇಳಿ ಹೋಗಿದ್ದಾಳೆ. ಎಷ್ಟೇ ಗೋಗರೆದ್ರೂ ನಂಬ್ಬೇಡಿ ಅಂತ. ನನ್ನ ಸೊಸೆ ಹೆಸರು ಕೆಡಿಸೋಕೆ ಯಾವನೋ ಮುಂಡೇಮಗ ಮಾಡ್ತಿರೋ ಕೆಲಸ ಇದು. ಹಿಡೀರಿ ನೀರು, ಹಿಡೀರಿ!"

ಎದುರಿಗೆ ಹೋಗಿ ನಿಲ್ಲಬೇಕು. ಸುದ್ದಿಯಕ್ಕ ಮೈಕು ಬಿಟ್ಟು ಬಾಗಿಲಿಗೆ ಓಡಿದಳು. ತೆರೆದಿಟ್ಟು ಬಂದಿದ್ದ ಬಾಗಿಲು ಮುಚ್ಚಿತ್ತು. ಎಳೆದಳು. ಬರಲಿಲ್ಲ. ಎರಡೂ ಕೈಯಿಂದ ಜಗ್ಗಿದಳು. ಹೊರಗಿನಿಂದ ಚಿಲಕ ಹಾಕಿತ್ತು.

ಕಾರ್ಯದರ್ಶಿ ಜೀಪಿನಲ್ಲಿದ್ದಾರೆ. ಕಚೇರಿಯಲ್ಲಿ ಬೇರೆ ಯಾರೂ ಇರಲಿಲ್ಲ.

"ಯಾರದು?" ಎಂದು ಕೂಗಿದಳು. ಬಾಗಿಲಿನ ಆಚೆ ಚಪ್ಪಲಿಯ ಸದ್ದು ಅವಸರವಿಲ್ಲದೆ ಮೆಟ್ಟಿಲಿಳಿಯುತ್ತಿತ್ತು. ಅದರ ಜೊತೆಗೆ ಯಾರದೋ ಕೈಯಲ್ಲಿ ಫೋನೊಂದು ಮಾತಾಡಿತು. ಮೂಗು ಕಟ್ಟಿದ, ಗಂಟಲು ಒಡೆದ ಅವಳದೇ ಧ್ವನಿ, ನೀರುಗಂಟಿ ಊರಿಗೆ ಕೇಳಿಸದೆ ಬಿಟ್ಟಿದ್ದ ಕೊನೆಯ ತುಣುಕು. ನಾಪತ್ತೆಯಾಗಿದ್ದ ಅವನ ಫೋನು ಅದು.

"ಇಷ್ಟು ಸಾಕಾ ಅಣ್ಣಾ?"

ಅವಳು ಕಿಟಕಿಗೆ ಓಡಿ ಬಂದು ಸರಳುಗಳ ನಡುವೆ ಕೈ ಚಾಚಿ ಕಿರುಚಿದಳು. "ಅತ್ತೆ! ಮೇಲೆ ನೋಡಿ! ಅತ್ತೆ, ನಾನು!" ಹಿಂದೆ ತೆರೆದೇ ಇದ್ದ ಮೈಕು ಆ ಕೂಗನ್ನು ಹಿಡಿದು ಊರ ಮೇಲೆಲ್ಲ ಚೆಲ್ಲಿತು. ಕಿಟಕಿಯಿಂದ ಬಂದದ್ದು ಯಾವುದು, ಧ್ವನಿವರ್ಧಕದಿಂದ ಬಂದದ್ದು ಯಾವುದು ಎಂದು ಯಾರಿಗೂ ತಿಳಿಯುವಂತಿರಲಿಲ್ಲ.

ಕೆಳಗೆ ಅತ್ತೆ ಮೇಲೆ ನೋಡಲಿಲ್ಲ. ಇಷ್ಟು ವರ್ಷದಲ್ಲಿ ಮೊದಲ ಸಲ ಸೊಸೆಯ ಮಾತನ್ನು ಚಾಚೂ ತಪ್ಪದೆ ನಡೆಸುತ್ತಿದ್ದ ಹೆಮ್ಮೆಯಲ್ಲಿ, ಊರವರಿಗೆ ಧೈರ್ಯ ತುಂಬಲೆಂದೇ, ಚೊಂಬನ್ನು ನಲ್ಲಿಗೆ ಹಿಡಿದು ತುಂಬಿಸಿ, ಎಲ್ಲರಿಗೂ ಕಾಣುವಂತೆ ಎತ್ತಿ ಬಾಯಿಗೆ ಬಗ್ಗಿಸಿದಳು.